ಐದು ವರ್ಷ, ಒಂದು ಕೆಲಸದ ಕೋಣೆ: ಬ್ಯಾಡಗಿಯಿಂದ ಕಂಡ ಒಂದು ಜಪಾನಿ ಆಟದ ಇತಿಹಾಸ

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ನಮ್ಮ ಹಾವೇರಿ ಜಿಲ್ಲೆ ಆಯಿತು. ಅದಕ್ಕೆ ಮೂರು ತಿಂಗಳ ಮೊದಲು, ಮೇ 23ರಂದು, ಜಪಾನಿನ ನಾಗಾನೊ ಎಂಬ ಊರಿನ ಗಸ್ಟ್ ಎಂಬ ಸಣ್ಣ ಕಂಪನಿ ಒಂದು ವಿಡಿಯೊ ಗೇಮ್ ಬಿಡುಗಡೆ ಮಾಡಿತ್ತು. ಹೆಸರು ಅಟೆಲಿಯೆ ಮೇರಿ. ಅಟೆಲಿಯೆ ಎಂದರೆ ಫ್ರೆಂಚ್ ಭಾಷೆಯಲ್ಲಿ ಕೆಲಸದ ಕೋಣೆ. ನಮ್ಮ ಕಡೆ ಕಮ್ಮಾರನಿಗೆ ಕುಲುಮೆ ಇರುತ್ತದಲ್ಲ, ನೇಕಾರನಿಗೆ ಮಗ್ಗದ ಮನೆ ಇರುತ್ತದಲ್ಲ, ಅಂಥದ್ದು.

ಈ ಎರಡು ಸಂಗತಿಗೂ ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ಆ ಆಟವನ್ನು ಬ್ಯಾಡಗಿಯಲ್ಲಿ ಕುಳಿತು ಆಡಿದ ಮೇಲೆ ನಮಗೆ ಹಾವೇರಿ ಏಲಕ್ಕಿ, ಮೇಡ್ಲೇರಿ ಕಂಬಳಿ, ಬ್ಯಾಡಗಿ ಮೆಣಸಿನಕಾಯಿ ಬೇರೆ ರೀತಿ ಕಾಣತೊಡಗಿದವು. ಅದಕ್ಕೇ ಈ ಬರಹ.

ಮೊದಲು ಆಟ ಏನು ಎಂದು ಹೇಳಬೇಕು. ರೋಲ್ ಪ್ಲೇಯಿಂಗ್ ಗೇಮ್ ಎಂದು ಒಂದು ಜಾತಿಯ ಆಟ ಇದೆ. ನಮ್ಮ ದೊಡ್ಡಾಟ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನೀವು ಒಂದು ವೇಷ ಹಾಕಿಕೊಳ್ಳುತ್ತೀರಿ, ಆ ಪಾತ್ರದ ಶಕ್ತಿ ಮೆಲ್ಲಗೆ ಬೆಳೆಯುತ್ತದೆ, ಕೊನೆಗೆ ಒಬ್ಬ ದೊಡ್ಡ ರಕ್ಕಸ ಎದುರಾಗುತ್ತಾನೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಎಂಬುವರು ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. 1986ರಲ್ಲಿ ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಬಂತು, ಮರುವರ್ಷ ಫೈನಲ್ ಫ್ಯಾಂಟಸಿ ಬಂತು. ಊರು ಬೇರೆ, ವೇಷ ಬೇರೆ, ಕಥೆಯ ಬೆನ್ನುಮೂಳೆ ಮಾತ್ರ ಒಂದೇ: ಕತ್ತಿ ಹಿಡಿ, ರಕ್ಕಸನನ್ನು ಕೊಲ್ಲು, ಲೋಕ ಉಳಿಸು.

ಈ ಆಟಗಳಲ್ಲಿ ಕತ್ತಿ, ಔಷಧಿ, ಅಂಗಿ ಎಲ್ಲ ಅಂಗಡಿಯಲ್ಲಿ ಸಿಗುತ್ತಿದ್ದವು. ಇಲ್ಲವೇ ಸತ್ತ ರಕ್ಕಸನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಅವನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂದು ಆಟ ಹೇಳುತ್ತಿರಲಿಲ್ಲ. ಆಡುವವರೂ ಕೇಳುತ್ತಿರಲಿಲ್ಲ.

ಹೇಳಿದ ಆಟಗಳು ಇಲ್ಲವೇ ಇಲ್ಲ ಎಂದಲ್ಲ. 1992ರಲ್ಲಿ ಬಂದ ಅಲ್ಟಿಮಾ ಏಳನೇ ಭಾಗದಲ್ಲಿ ಹಿಟ್ಟಿನ ಮೇಲೆ ಬಕೆಟ್ ನೀರು ಹಾಕಿದರೆ ಕಣಕ ಆಗುತ್ತಿತ್ತು, ಕಣಕವನ್ನು ಒಲೆಗೆ ಇಟ್ಟರೆ ಬ್ರೆಡ್ ಆಗುತ್ತಿತ್ತು. ಆಟದ ಮುಖ್ಯ ಕಥೆಗೆ ಆ ಬ್ರೆಡ್ ಬೇಕಾಗಿರಲಿಲ್ಲ. ಆದರೂ ಇಷ್ಟು ವರ್ಷದ ಮೇಲೂ ಆ ಆಟ ಆಡಿದವರು ರಕ್ಕಸನ ಹೆಸರು ಮರೆತು ಬ್ರೆಡ್ಡನ್ನು ನೆನೆಸುತ್ತಾರೆ. ನಮಗೆ ಇದು ವಿಚಿತ್ರ ಎನಿಸಲಿಲ್ಲ. ಜಾತ್ರೆಗೆ ಹೋದವರು ತೇರಿಗಿಂತ ಮಿರ್ಚಿ ಬಜ್ಜಿಯನ್ನೇ ನೆನೆಸುವುದು ಎಲ್ಲ ಊರಲ್ಲೂ ಇದೆ.

ಗಸ್ಟ್ ಕಂಪನಿ ಮಾಡಿದ ಕೆಲಸ ಏನೆಂದರೆ, ಆ ಬ್ರೆಡ್ಡನ್ನೇ ಕಥೆಯ ನಡುವೆ ಇಟ್ಟಿತು.

ಅಟೆಲಿಯೆ ಮೇರಿಯ ನಾಯಕಿ ಮಾರ್ಲೋನ್, ಎಲ್ಲರ ಬಾಯಲ್ಲಿ ಮೇರಿ. ಸಾಲ್ಬರ್ಗ್ ಎಂಬ ಪಟ್ಟಣದ ರಸವಿದ್ಯೆ ಶಾಲೆಯಲ್ಲಿ ಓದುತ್ತಾಳೆ. ಓದಿನಲ್ಲಿ ತೀರಾ ಹಿಂದೆ, ಶಾಲೆಯ ಚರಿತ್ರೆಯಲ್ಲೇ ಅಷ್ಟು ಕಡಿಮೆ ಅಂಕ ಯಾರೂ ತೆಗೆದಿಲ್ಲ. ಅವಳ ಗುರು ಇಂಗ್ರಿಡ್ ಅವಳನ್ನು ಶಾಲೆಯಿಂದ ತೆಗೆಯುವ ಬದಲು ಊರಲ್ಲಿ ಒಂದು ಮನೆ ಕೊಟ್ಟು ಹೇಳುತ್ತಾಳೆ: ಐದು ವರ್ಷ ಟೈಮು, ಇಲ್ಲೇ ದುಡಿದು ತಿನ್ನು, ಅಷ್ಟರಲ್ಲಿ ನಾನು ಮೆಚ್ಚುವಂಥದ್ದು ಒಂದನ್ನು ಮಾಡಿ ತೋರಿಸು. ಅಷ್ಟೇ ಕಥೆ. ಲೋಕ ಉಳಿಸುವ ಕೆಲಸ ಇಲ್ಲ. ರಕ್ಕಸರು ಇದ್ದಾರೆ, ಆದರೆ ಅವರು ಬೇರು, ಕಲ್ಲು, ಹಣ್ಣು ತರಲು ಹೋಗುವ ದಾರಿಯಲ್ಲಿ ಅಡ್ಡ ಬರುವವರು ಮಾತ್ರ.

ರಸವಿದ್ಯೆ ಎಂದ ಕೂಡಲೇ ನಮಗೆ ಪರುಷದ ಕಲ್ಲು ನೆನಪಾಗುತ್ತದೆ, ಕಬ್ಬಿಣ ಮುಟ್ಟಿದರೆ ಚಿನ್ನ. ಮೇರಿಯ ರಸವಿದ್ಯೆ ಅಡುಗೆಮನೆಗೆ ಹತ್ತಿರ. ಕುಟ್ಟುವುದು, ತೂಗುವುದು, ಸೋಸುವುದು, ಕಾಯಿಸುವುದು. ಕಾಡಿನಲ್ಲಿ ಉನಿ ಎಂಬ ಮುಳ್ಳಿನ ಕಾಯಿ ಸಿಗುತ್ತದೆ. ಒಂದು ವಸ್ತುವನ್ನು ಇನ್ನೊಂದರ ಜೊತೆ ಹೊಂದಿಸಲು ನ್ಯೂಟ್ರಲೈಸರ್ ಎಂಬ ದ್ರವ ಬೇಕು. ಅದು ಒಂದು ಬಣ್ಣದಲ್ಲಿ ಇಲ್ಲ, ಹಲವು ಬಣ್ಣದಲ್ಲಿ ಇದೆ, ಒಂದೊಂದು ಕೆಲಸಕ್ಕೆ ಒಂದೊಂದು. ನಮ್ಮ ಸಾರಿಗೆ ಹುಣಸೆಹಣ್ಣು ಹೇಗೋ ಹಾಗೆ ಅದು ಎಲ್ಲದಕ್ಕೂ ಬೇಕು, ಅದು ಮುಗಿದ ದಿನ ಮನೆಯಲ್ಲಿ ಏನೂ ನಡೆಯುವುದಿಲ್ಲ.

ಮೊದಲ ದಿನ ನಮಗೆ ಹಿಡಿಸಿದ್ದು ಬಣ್ಣವೂ ಅಲ್ಲ, ಸಂಗೀತವೂ ಅಲ್ಲ. ಕ್ಯಾಲೆಂಡರ್. ಈ ಆಟದಲ್ಲಿ ಎಲ್ಲಕ್ಕೂ ದಿನ ಖರ್ಚಾಗುತ್ತದೆ. ಹತ್ತಿರದ ಕಾಡಿಗೆ ಹೋಗಿ ಬಂದರೆ ಕೆಲವು ದಿನ, ದೂರದ ಬೆಟ್ಟಕ್ಕೆ ಹೋದರೆ ಅದಕ್ಕಿಂತ ಬಹಳ. ಕುಳಿತು ಮಾಡುವ ಕೆಲಸಕ್ಕೂ ದಿನ ಹಿಡಿಯುತ್ತದೆ. ದಾರಿಗೆ ಜೊತೆ ಬರುವ ಕಾವಲಿನವರಿಗೆ ದುಡ್ಡು ಕೊಡಬೇಕು. ಹೊಸ ವಸ್ತು ಮಾಡಲು ಪುಸ್ತಕ ಕೊಂಡು ಓದಬೇಕು, ಪುಸ್ತಕ ಓದಿದರೆ ಸಾಲದು, ಅದಕ್ಕೆ ತಕ್ಕ ಉಪಕರಣ ಮನೆಯಲ್ಲಿ ಇರಬೇಕು. ಐದು ವರ್ಷ ಎಂದರೆ ಬಹಳ ಎಂದು ನಾವು ಮೊದಲ ವರ್ಷ ಆರಾಮಾಗಿ ಕಳೆದೆವು. ಬಿತ್ತನೆ ಮುಗಿದ ಮೇಲೆ ದೀಪಾವಳಿ ದೂರ ಇದೆ ಎಂದು ಅನಿಸುವ ಹಾಗೆ.

ನಾವು ಆಡಿದ್ದು ಹಳೆಯ ಆಟವನ್ನಲ್ಲ, 2023ರ ಜುಲೈನಲ್ಲಿ ಬಂದ ಹೊಸ ರೂಪವನ್ನು. ಜಪಾನೀ ಭಾಷೆಯಲ್ಲಿ ಇದ್ದ ಆ ಆಟ ಇಂಗ್ಲಿಷಿಗೆ ಅಧಿಕೃತವಾಗಿ ಬರಲು 26 ವರ್ಷ ಬೇಕಾಯಿತು. ಹೊಸ ರೂಪದಲ್ಲಿ ಐದು ವರ್ಷದ ಗಡುವು ಇಲ್ಲದೆ ಆಡುವ ಸೌಲಭ್ಯವೂ ಇದೆ. ನಮ್ಮಲ್ಲೇ ಒಬ್ಬರು ಅದನ್ನು ಆರಿಸೋಣ ಎಂದರು, ಉಳಿದವರು ಬೇಡವೆಂದೆವು. ಗಡುವು ತೆಗೆದ ಮೇಲೆ ಆ ಆಟದಲ್ಲಿ ಉಳಿಯುವುದು ಸಾಮಾನು ಜೋಡಿಸುವುದು ಮಾತ್ರ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ನಾಗಾನೊ ಬಗ್ಗೆ ಒಂದು ಮಾತು. ಜಪಾನಿನ ದೊಡ್ಡ ಆಟಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಟೋಕಿಯೊ, ಒಸಾಕಾ, ಕ್ಯೋಟೊ ಕಡೆ. ನಾಗಾನೊ ಬೆಟ್ಟದ ನಡುವಿನ ಊರು, ಸೇಬು, ಮಿಸೊ ಎಂಬ ಸೋಯಾ ಹಿಂಡಿ, ಜೆಂಕೋಜಿ ಎಂಬ ಹಳೆಯ ಬೌದ್ಧ ದೇವಾಲಯಕ್ಕೆ ಹೆಸರಾದದ್ದು. ಆ ದೇವಾಲಯಕ್ಕೆ ಹೋದವರು ಮನೆಗೆ ಏನು ಒಯ್ಯುತ್ತಾರೆ ಗೊತ್ತೆ? ಖಾರದ ಪುಡಿ! 1736ರಲ್ಲಿ ಶುರುವಾದ ಯಾವಾತಯ ಇಸೊಗೊರೊ ಎಂಬ ಅಂಗಡಿ ಇಂದಿಗೂ ಅಲ್ಲಿ ಇದೆ. ಮೆಣಸಿನಕಾಯಿ, ಎಳ್ಳು, ಶುಂಠಿ, ಕಿತ್ತಳೆ ಜಾತಿಯ ಹಣ್ಣಿನ ಒಣಸಿಪ್ಪೆ ಹೀಗೆ ಏಳು ಸಾಮಾನು ಕೂಡಿಸಿದ ಪುಡಿ ಅದು. ಪೋರ್ಚುಗೀಸರ ಹಡಗು ಹತ್ತಿ ಅಮೆರಿಕ ಖಂಡದಿಂದ ಹೊರಟ ಮೆಣಸಿನಕಾಯಿ ನಮಗೂ ಮುಟ್ಟಿತು, ಅವರಿಗೂ ಮುಟ್ಟಿತು. ನಾವು ಅದನ್ನು ಹೊಲದಲ್ಲಿ ಬೆಳೆದು ಚೀಲದಲ್ಲಿ ಕಳಿಸುವ ಊರಾದೆವು, ಅವರು ಅದನ್ನು ಏಳರಲ್ಲಿ ಒಂದು ಮಾಡಿ ಡಬ್ಬಿಯಲ್ಲಿ ಮಾರುವ ಊರಾದರು. ಕೂಡಿಸಿ ಮಾಡುವುದನ್ನೇ ಆಟ ಮಾಡಿದ ಕಂಪನಿ ಅಂಥ ಊರಿನದು ಎಂಬುದು ನಮಗೆ ಖುಷಿ ಕೊಟ್ಟಿತು. ಇದನ್ನು ಅದಕ್ಕೆ ಕಾರಣ ಎಂದು ಯಾರೂ ತಿಳಿಯಬೇಡಿ.

ಮೇರಿ ಬಂದ ಮೇಲೆ ಆಟಗಳ ಲೋಕದಲ್ಲಿ ಈ ಕೂಡಿಸುವ ಕೆಲಸ ಎಲ್ಲೆಲ್ಲೂ ಹಬ್ಬಿತು. ಆಡುವ ಹುಡುಗರು ಇದನ್ನು ಕ್ರಾಫ್ಟಿಂಗ್ ಎನ್ನುತ್ತಾರೆ. 2000ದಲ್ಲಿ ಬಂದ ಡಯಾಬ್ಲೊ ಎರಡನೇ ಭಾಗದಲ್ಲಿ ಒಂದು ಮಾಯಾ ಪೆಟ್ಟಿಗೆ ಇತ್ತು, ಕೆಳದರ್ಜೆಯ ಮೂರು ಹರಳು ಹಾಕಿದರೆ ಮೇಲ್ದರ್ಜೆಯ ಒಂದು ಹರಳು ಬರುತ್ತಿತ್ತು. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಶುರುಮಾಡಿದ ಮೈನ್‌ಕ್ರಾಫ್ಟ್ ಬಗ್ಗೆ ಹೇಳುವುದೇ ಬೇಡ, ನಿಮ್ಮ ಮನೆಯ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮರ ಕಡಿದರೆ ಹಲಗೆ, ನಾಲ್ಕು ಹಲಗೆ ಸೇರಿದರೆ ಕೆಲಸದ ಮೇಜು, ಮೇಜಿನ ಮೇಲೆ ಮೂರು ಸಾಲು ಮೂರು ಕಾಲಮಿನ ಚೌಕ, ಅದರಲ್ಲಿ ಸಾಮಾನನ್ನು ಸರಿಯಾದ ಆಕಾರದಲ್ಲಿ ಇಟ್ಟರೆ ಗುದ್ದಲಿ.

ಮೈನ್‌ಕ್ರಾಫ್ಟಿನ ಒಂದು ಹಳೇ ಸಂಗತಿ ನಮಗೆ ಇಷ್ಟ. ಬಹಳ ವರ್ಷ ಆ ಆಟದ ಕಂಪ್ಯೂಟರ್ ರೂಪದ ಒಳಗೆ ಯಾವುದಕ್ಕೆ ಯಾವುದು ಸೇರಿಸಬೇಕು ಎಂದು ಬರೆದಿರಲಿಲ್ಲ. ಪುಸ್ತಕ ಸೇರಿಸಿದ್ದು 2017ರಲ್ಲಿ. ಅಲ್ಲಿಯವರೆಗೆ ಒಬ್ಬ ಹುಡುಗ ಇನ್ನೊಬ್ಬನಿಗೆ ಹೇಳಬೇಕಿತ್ತು, ಇನ್ನೊಬ್ಬನದನ್ನು ನೋಡಿ ಕಲಿಯಬೇಕಿತ್ತು.

ನಮ್ಮ ಜಿಲ್ಲೆಯಲ್ಲಿ ಹೀಗೆ ನೋಡಿ ಕಲಿತ ವಿದ್ಯೆ ಕಮ್ಮಿ ಇಲ್ಲ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಕಂಬಳಿಗೆ ಹೆಸರಾದ ಊರು. ಕುರಿ ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು, ಹಾಸು ಹೂಡುವುದು. ಉಣ್ಣೆಯ ನೂಲು ಮೆತ್ತಗೆ, ಹಾಗೇ ಮಗ್ಗಕ್ಕೆ ಏರಿಸಿದರೆ ಹರಿಯುತ್ತದೆ. ಅದಕ್ಕೆ ಹುಣಸೆ ಬೀಜದ ಹಿಟ್ಟನ್ನು ಕುದಿಸಿ ಗಂಜಿ ಮಾಡಿ ಹಾಸಿಗೆ ಸವರಿ ಒಣಗಿಸುತ್ತಾರೆ. ನೂಲು ಬಿಗಿಯಾಗುತ್ತದೆ. ಹುಣಸೆಹಣ್ಣು ತಿಂದು ಉಗುಳಿದ ಬೀಜ ಇಲ್ಲದಿದ್ದರೆ ಕಂಬಳಿ ಇಲ್ಲ. ಗಸ್ಟ್ ಕಂಪನಿಯವರು ಇದನ್ನು ನೋಡಿದ್ದರೆ ಹಾಗೆಯೇ ಎತ್ತಿ ಆಟಕ್ಕೆ ಹಾಕಿಕೊಳ್ಳುತ್ತಿದ್ದರು.

ಇದಕ್ಕಿಂತ ದೊಡ್ಡ ಉದಾಹರಣೆ ಹಾವೇರಿಯದೇ ಇದೆ.

ಹಾವೇರಿಯನ್ನು ಏಲಕ್ಕಿ ಕಂಪಿನ ನಾಡು ಎನ್ನುತ್ತೇವೆ. 2023ರ ಜನವರಿಯಲ್ಲಿ ಅಲ್ಲಿ ನಡೆದ 86ನೇ ಕನ್ನಡ ಸಾಹಿತ್ಯ ಸಮ್ಮೇಳನದಲ್ಲೂ ಇದೇ ಮಾತು ಕೇಳಿತು. ಆದರೆ ಹಾವೇರಿಯ ಎರೆ ಹೊಲದಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಏಲಕ್ಕಿ ಬೆಳೆಯುವುದು ಘಟ್ಟದ ನೆರಳಲ್ಲಿ, ಶಿರಸಿ, ಸಿದ್ದಾಪುರ ಕಡೆಯ ತೋಟದಲ್ಲಿ. ಮತ್ತೆ ಹೆಸರು ಹಾವೇರಿಗೆ ಹೇಗೆ ಬಂತು? ತೊಳೆಯುವುದರಿಂದ ಬಂತು. ಘಟ್ಟದಿಂದ ಬರುವ ಏಲಕ್ಕಿ ಕಾಯಿಯ ಬಣ್ಣ ಮಾಸಲಾಗಿರುತ್ತಿತ್ತು. ಅದನ್ನು ಹಾವೇರಿಗೆ ತಂದು ಇಲ್ಲಿಯ ಒಂದು ಬಾವಿಯ ನೀರಿನಲ್ಲಿ ಅಂಟುವಾಳದ ಕಾಯಿ ಹಾಕಿ ನೆನೆಸಿ, ತಿಕ್ಕಿ, ತೊಳೆದು, ಒಣಗಿಸಿದರೆ ಕಾಯಿ ಬೆಳ್ಳಗಾಗುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಈ ಪ್ರಾಂತ್ಯದ ಬಗ್ಗೆ ಬರೆದವರು ಈ ಬಾವಿಯ ನೀರನ್ನು ವಿಶೇಷವಾಗಿ ಹೇಳಿದ್ದಾರೆ. ಆ ನೀರಿಗೆ ಕಾಯಿಯನ್ನು ಬಿಳಿ ಮಾಡುವ ಗುಣ ಇದೆ ಎಂಬುದು ಜನರ ನಂಬಿಕೆ. ಬೆಳ್ಳಗಾದ ಏಲಕ್ಕಿಗೆ ದೂರದ ಪೇಟೆಯಲ್ಲಿ ಬೆಲೆ ಹೆಚ್ಚು.

ಬೆಳೆದದ್ದು ಒಂದು ಕಡೆ, ಹೆಸರು ಬಂದದ್ದು ಕೆಲಸ ಮಾಡಿದ ಕಡೆ. ಮೇರಿಯ ಆಟದ ಒಳಗುಟ್ಟು ಇದೇ ಅಲ್ಲವೇ? ಆ ಸರಣಿಯ ಆಟಗಳಲ್ಲಿ ನೀರು ಕೂಡ ಒಂದು ಸಾಮಾನು. ಯಾವ ಕೆರೆಯದು, ಯಾವ ಝರಿಯದು ಎಂಬುದರ ಮೇಲೆ ಮುಂದೆ ಆಗುವ ವಸ್ತುವಿನ ಗುಣ ನಿಂತಿರುತ್ತದೆ. ಮೊದಲು ಇದು ನಮಗೆ ಆಟದವರ ಕಲ್ಪನೆ ಎನಿಸಿತ್ತು. ಹಾವೇರಿ ಬಾವಿಯ ಕಥೆ ನೆನಪಾದ ಮೇಲೆ ಹಾಗೆ ಅನಿಸಲಿಲ್ಲ.

ತೊಳೆದ ಏಲಕ್ಕಿಯಿಂದ ಹಾವೇರಿಯ ಪಟವೇಗಾರರು ಮಾಲೆ ಕಟ್ಟಿದರು. ಪಟವೇಗಾರರೆಂದರೆ ರೇಷ್ಮೆ ದಾರದ ಕೆಲಸದವರು. ಹೂವಿನ ಬದಲು ಏಲಕ್ಕಿ, ನಡುನಡುವೆ ಬಣ್ಣದ ದಾರ, ಜರಿ, ಮಣಿ. ಈಗಲೂ ದೊಡ್ಡವರು ಹಾವೇರಿಗೆ ಬಂದರೆ ಕೊರಳಿಗೆ ಬೀಳುವುದು ಏಲಕ್ಕಿ ಮಾಲೆಯೇ. ಬಾವಿಯ ಕೆಲಸ ಮಾತ್ರ ಉಳಿಯಲಿಲ್ಲ. ಗಂಧಕದ ಹೊಗೆ, ರಾಸಾಯನಿಕ ಬಂದವು, ಆಮೇಲೆ ಪೇಟೆಯ ರುಚಿಯೇ ತಿರುಗಿತು, ಬಿಳಿ ಏಲಕ್ಕಿ ಕೇಳುತ್ತಿದ್ದವರು ಹಸಿರು ಏಲಕ್ಕಿ ಕೇಳತೊಡಗಿದರು. ಬಿಳಿ ಮಾಡುವುದೇ ವಿದ್ಯೆ ಆಗಿದ್ದಲ್ಲಿ ಹಸಿರು ಉಳಿಸಿಕೊಳ್ಳುವುದು ವಿದ್ಯೆ ಆಯಿತು. ಆಟದಲ್ಲಿ ಒಮ್ಮೆ ಕಲಿತ ವಿದ್ಯೆಗೆ ಇಂಥ ಗತಿ ಬರುವುದಿಲ್ಲ. ಮೇರಿ ಮೊದಲ ವರ್ಷ ಕಲಿತ ಔಷಧಿಯನ್ನು ಐದನೇ ವರ್ಷದಲ್ಲೂ ಜನ ಕೇಳುತ್ತಾರೆ.

ಇದೇ ಸರಣಿಯಲ್ಲಿ 2009ರಲ್ಲಿ ಅಟೆಲಿಯೆ ರೋರೋನಾ ಬಂತು. ಅಲ್ಲಿ ಸರ್ಕಾರವೇ ಕೆಲಸದ ಕೋಣೆಯನ್ನು ಮುಚ್ಚಲು ಹೊರಟಿರುತ್ತದೆ, ಮೂರು ವರ್ಷದಲ್ಲಿ ಹನ್ನೆರಡು ಕೆಲಸ ಮಾಡಿ ತೋರಿಸಿದರೆ ಮಾತ್ರ ಅದು ಉಳಿಯುತ್ತದೆ. ಕೈಕಸುಬಿನವರ ಪಾಡು ಬಲ್ಲವರು ಬರೆದ ಕಥೆ ಎನ್ನಿಸುತ್ತದೆ. 2011ರ ಕೊನೆಗೆ ಗಸ್ಟ್ ಕಂಪನಿಯನ್ನೇ ಕೋಯಿ ಟೆಕ್ಮೊ ಎಂಬ ದೊಡ್ಡ ಕಂಪನಿ ಕೊಂಡಿತು. ಮುಂದೆ ಬಂದ ಆಟಗಳಲ್ಲಿ ಗಡುವು ಸಡಿಲಾಯಿತು, ಬಣ್ಣ ಹೆಚ್ಚಿತು.

2019ರಲ್ಲಿ ಬಂದ ಅಟೆಲಿಯೆ ರೈಜಾ ಈ ಸರಣಿಯಲ್ಲೇ ಹೆಚ್ಚು ಮಾರಾಟವಾದದ್ದು. ಅದರ ನಾಯಕಿ ರೈತರ ಮನೆಯ ಮಗಳು. ಕುರ್ಕೆನ್ ಎಂಬ ದ್ವೀಪದ ಹಳ್ಳಿ. ಹೊಲದ ಕೆಲಸಕ್ಕೆ ಬಾ ಎಂದು ತಾಯಿ ಕರೆದರೆ ಹುಡುಗಿ ಕಿಟಕಿಯಿಂದ ಹಾರಿ ಗೆಳೆಯರ ಜೊತೆ ಓಡುವ ಜಾತಿ. ನಮ್ಮ ಓದುಗರಲ್ಲಿ ಅರ್ಧ ಜನ ಇಂಥವರೇ, ಸಿಟ್ಟಾಗಬೇಡಿ. ಆ ದ್ವೀಪದಲ್ಲಿ ಕುಡಿಯುವ ಸಿಹಿನೀರು ಬ್ರೂನೆನ್ ಎಂಬ ಒಂದು ಮನೆತನದ ಹಿಡಿತದಲ್ಲಿ ಇದೆ. ನೀರು ಅವರದು, ಆದ್ದರಿಂದ ಊರಿನ ಮಾತೂ ಅವರದು. ಬಾವಿ ಯಾರದು, ನೀರು ಯಾರು ಎತ್ತಬೇಕು, ಯಾರು ಎತ್ತಬಾರದು ಎಂಬ ಚರಿತ್ರೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ಜಾತಿಯೂ ಕೂಡಿತ್ತು, ಜಪಾನಿನ ಆಟದಲ್ಲಿ ಅಷ್ಟು ಕಹಿ ಇಲ್ಲ. ಆದರೂ ಮಾಂತ್ರಿಕ ಲೋಕದ ಆಟವೊಂದು ಊರಿನ ಅಧಿಕಾರವನ್ನು ಕತ್ತಿಯಲ್ಲಿ ಇಡದೆ ನೀರಿನಲ್ಲಿ ಇಟ್ಟದ್ದು ದೊಡ್ಡದು.

ಈಗ ಮೆಣಸಿನಕಾಯಿಗೆ ಬರೋಣ. ಬ್ಯಾಡಗಿಯವರು ಎಲ್ಲಿ ಶುರುಮಾಡಿದರೂ ಕೊನೆಗೆ ಅಲ್ಲಿಗೇ ಬರುತ್ತೇವೆ.

ಈ ಸರಣಿಯ ಈಚಿನ ಆಟಗಳಲ್ಲಿ ಪ್ರತಿ ಸಾಮಾನಿಗೆ ಗುಣಮಟ್ಟದ ಒಂದು ಅಂಕಿ ಇರುತ್ತದೆ, ಜೊತೆಗೆ ಕೆಲವು ಸ್ವಭಾವಗಳು ಇರುತ್ತವೆ. ಹಾಕಿದ ಸಾಮಾನಿನ ಸ್ವಭಾವ ಮಾಡಿದ ವಸ್ತುವಿಗೆ ಇಳಿದು ಬರುತ್ತದೆ. ಯಾವ ಸ್ವಭಾವ ಇಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದೇ ಆಟದ ಚಾತುರ್ಯ. ಗಂಟೆಗಟ್ಟಲೆ ಇದರಲ್ಲೇ ಹೋಗುತ್ತದೆ. ನಗರದ ಹುಡುಗರಿಗೆ ಇದನ್ನು ಪಾಠ ಮಾಡಿ ಹೇಳಬೇಕಂತೆ. ಬ್ಯಾಡಗಿ ಪೇಟೆಯಲ್ಲಿ ಹತ್ತು ವರ್ಷದ ಹುಡುಗನೂ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ದೂರದಿಂದಲೇ ಹೇಳುತ್ತಾನೆ. ಕಡ್ಡಿ ಉದ್ದ, ತೆಳ್ಳಗೆ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡಗೆ. ಎರಡಕ್ಕೂ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಟ್ಯಾಗ್ ಸಿಕ್ಕಿದ್ದು ಈ ಸ್ವಭಾವಕ್ಕೇ.

ಆ ಬಣ್ಣವನ್ನು ಕಾಯಿಯಿಂದ ಬೇರೆ ತೆಗೆಯುವುದೂ ಒಂದು ರಸವಿದ್ಯೆ. ಒಣಕಾಯಿಯನ್ನು ಪುಡಿ ಮಾಡಿ ದ್ರಾವಕದಲ್ಲಿ ನೆನೆಸುತ್ತಾರೆ, ಬಣ್ಣ, ಖಾರ, ಎಣ್ಣೆಯ ಅಂಶ ದ್ರಾವಕಕ್ಕೆ ಇಳಿಯುತ್ತವೆ. ಆಮೇಲೆ ದ್ರಾವಕವನ್ನು ಆವಿ ಮಾಡಿ ತೆಗೆದುಬಿಟ್ಟರೆ ಉಳಿಯುವುದು ಓಲಿಯೊರೆಸಿನ್ ಎಂಬ ಗಟ್ಟಿ ಕೆಂಪು ರಸ. ಅದರಿಂದ ಬಣ್ಣದ ಭಾಗ, ಖಾರದ ಭಾಗ ಬೇರೆ ಮಾಡಬಹುದು. ಆ ಕೆಂಪು ತಿಂಡಿಯ ಪೊಟ್ಟಣದಿಂದ ತುಟಿಬಣ್ಣದವರೆಗೆ ಹೋಗುತ್ತದೆ. ಕಾಯಿಯಲ್ಲಿ ಎಷ್ಟು ಬಣ್ಣ ಇದೆ ಎಂದು ಅಳೆಯಲು ಆಸ್ಟಾ ಎಂಬ ಅಮೆರಿಕನ್ ಅಳತೆ ಇದೆ. ಆಟದ ಅಂಕಿಯ ಹಾಗೆಯೇ ಅದೂ ಒಂದು ಅಂಕಿ. ವ್ಯತ್ಯಾಸ ಏನೆಂದರೆ ಆಟದಲ್ಲಿ ಬೇರು ಕಿತ್ತವಳಿಗೇ ಆ ಅಂಕಿ ಕಾಣುತ್ತದೆ. ಇಲ್ಲಿ ಅಂಕಿ ಕಾಣುವುದು ಪ್ರಯೋಗಾಲಯ ಇದ್ದವರಿಗೆ. ಬೆಳೆದವನು ಕೈಯಲ್ಲಿ ಮುರಿದು, ಮೂಸಿ, ಬಿಸಿಲಿಗೆ ಹಿಡಿದು ಅಂದಾಜು ಮಾಡುತ್ತಾನೆ.

ಕೂಲಿಯ ಮಾತೂ ಇದೆ. ಮೇರಿ ಒಬ್ಬಳೇ ಎಲ್ಲ ಮಾಡಲಾರಳು. ಫೇರಿ ಎಂಬ ಕುಳ್ಳ ಮಾಯಾಜೀವಿಗಳನ್ನು ಕೂಲಿಗೆ ಇಟ್ಟುಕೊಳ್ಳಬಹುದು, ಅವು ಕಾಡಿಗೆ ಹೋಗಿ ಸಾಮಾನು ತರುತ್ತವೆ ಅಥವಾ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತವೆ. ಅಂಗಿಯ ಬಣ್ಣ ನೋಡಿ ಅದು ಎಷ್ಟು ಚುರುಕು, ಕೂಲಿ ಎಷ್ಟು ಎಂದು ತಿಳಿಯುತ್ತದೆ. ನಾವು ಇದನ್ನು ಆಡುವಾಗ ನಕ್ಕೆವು, ಆಮೇಲೆ ನಗು ನಿಂತಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ತೆಗೆಯುವ, ಕಾಯಿ ಆರಿಸುವ ಕೆಲಸ ಸಾವಿರಾರು ಹೆಣ್ಣುಮಕ್ಕಳದು. ಘಾಟಿನ ನಡುವೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಇಡೀ ದಿನ ಕೂತಿರುತ್ತಾರೆ, ಸಂಜೆ ಕೈ ಉರಿಯುತ್ತದೆ. ಆಟದ ಫೇರಿಗೆ ಕೈ ಉರಿಯುವುದಿಲ್ಲ. ಅದಕ್ಕೆ ಮಕ್ಕಳಿಗೆ ಅದೇ ಕೈಯಲ್ಲಿ ಅನ್ನ ಕಲಸುವ ಕೆಲಸವೂ ಇಲ್ಲ.

ನಮಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ತಂದದ್ದು ಆಟದ ಮದ್ಯದಂಗಡಿ. ಸಾಲ್ಬರ್ಗಿನಲ್ಲಿ ಮೇರಿಗೆ ಕೆಲಸ ಸಿಗುವುದು ಅಲ್ಲೇ. ಮಾಲೀಕ ಒಂದು ಪಟ್ಟಿ ತೋರಿಸುತ್ತಾನೆ: ಇಂಥ ವಸ್ತು ಬೇಕು, ಇಷ್ಟು ದಿನದೊಳಗೆ ಬೇಕು, ಇಷ್ಟು ದುಡ್ಡು ಕೊಡುತ್ತೇವೆ. ಇದೆಲ್ಲ ನೋಡಿ ಮೇರಿ ಒಪ್ಪಬಹುದು, ಬಿಡಬಹುದು. ಒಪ್ಪಿ ದಿನ ಮೀರಿದರೆ ಅವಳ ಹೆಸರು ಕೆಡುತ್ತದೆ. ಆದರೆ ಅವಳು ವಸ್ತು ಮಾಡಿ ತಂದ ಮೇಲೆ ಮಾಲೀಕ ತಲೆ ಕೆರೆದುಕೊಂಡು ಈ ವಾರ ರೇಟು ಬಿದ್ದಿದೆ ಎನ್ನುವುದಿಲ್ಲ. ಕಾಡಿಗೆ ಕಾಲಿಡುವ ಮೊದಲೇ ಅವಳಿಗೆ ತನ್ನ ಕೆಲಸದ ಬೆಲೆ ಗೊತ್ತು.

ಮೆಣಸಿನಕಾಯಿ ಬೆಳೆದವನಿಗೆ ಗೊತ್ತಿರುವುದು ಖರ್ಚು ಮಾತ್ರ. ಬೀಜ, ಗೊಬ್ಬರ, ಔಷಧಿ, ಕೊಯ್ಲಿನ ಕೂಲಿ, ಲಾರಿ ಬಾಡಿಗೆ ಎಲ್ಲ ಕೊಟ್ಟು ಚೀಲ ತಂದು ದಲಾಲಿ ಅಂಗಡಿಯ ಮುಂದೆ ಸುರಿದ ಮೇಲೆ ಟೆಂಡರ್. ಖರೀದಿದಾರರು ರಾಶಿ ನೋಡುತ್ತಾರೆ, ದರ ಹಾಕುತ್ತಾರೆ. ಆಮೇಲೆ ಗೊತ್ತಾಗುತ್ತದೆ. ದರ ಒಪ್ಪಿಗೆ ಆಗದಿದ್ದರೆ ಮಾಲು ವಾಪಸ್ ಒಯ್ಯಬಹುದು ಎನ್ನುತ್ತದೆ ನಿಯಮ. ಬಳ್ಳಾರಿಯಿಂದ, ರಾಯಚೂರಿನಿಂದ, ಆಂಧ್ರದಿಂದ ಬಾಡಿಗೆ ಲಾರಿಯಲ್ಲಿ ಬಂದವನು ಎಲ್ಲಿಗೆ ಒಯ್ಯಬೇಕು? ಕೋಲ್ಡ್ ಸ್ಟೋರೇಜಿಗೆ ಇಡೋಣ ಎಂದರೆ ಅದಕ್ಕೂ ಬಾಡಿಗೆ, ಸಾಲ ಕೊಟ್ಟವನು ಅಷ್ಟು ದಿನ ಕಾಯುವುದಿಲ್ಲ.

2024ರ ಮಾರ್ಚ್ 11, ಸೋಮವಾರ. ದರ ಒಮ್ಮೆಲೇ ಕುಸಿಯಿತು ಎಂದು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ಕಲ್ಲು ಬಿದ್ದವು, ವಾಹನಗಳು ಸುಟ್ಟವು, ಕಚೇರಿಯ ಸಾಮಾನು ಬೀದಿಗೆ ಬಂದವು. ಆಮೇಲೆ ಪೊಲೀಸರು, ಕೇಸು, ಬಂಧನ. ಬೆಂಕಿ ಹಚ್ಚಿದ್ದನ್ನು ನಾವು ಸರಿ ಎನ್ನುವುದಿಲ್ಲ, ಸುಟ್ಟದ್ದರಲ್ಲಿ ಬಡವರ ದುಡ್ಡೂ ಇತ್ತು. ಆದರೆ ಟಿವಿಯಲ್ಲಿ ಬೆಂಕಿ ತೋರಿಸಿದವರು ಆ ದಿನದ ಬೆಳಗನ್ನು ತೋರಿಸಲಿಲ್ಲ. ರಾತ್ರಿಯಿಡೀ ಚೀಲದ ಮೇಲೆ ಮಲಗಿದ್ದು ಎದ್ದವನು ಹಲ್ಲುಜ್ಜಿ, ಚಹಾ ಕುಡಿದು, ಇನ್ನೂ ದರ ಗೊತ್ತಿಲ್ಲದೆ ತನ್ನ ರಾಶಿಯ ಪಕ್ಕ ನಿಂತಿರುವ ಆ ಬೆಳಗು.

ಆಟ ಮಾಡುವವರು ಕಾಲವನ್ನು ಲೆಕ್ಕಕ್ಕೆ ತಂದರು, ನೀರನ್ನು ತಂದರು, ಕೂಲಿಯನ್ನು ತಂದರು, ಸಾಮಾನಿನ ಸ್ವಭಾವವನ್ನೂ ತಂದರು. ಬೆಲೆಯನ್ನು ಮಾತ್ರ ಮೊದಲೇ ಬರೆದಿಟ್ಟರು. ಏಕೆ ಎಂದು ನಮಗೆ ಅರ್ಥವಾಗುತ್ತದೆ. ನಾಲ್ಕು ತಿಂಗಳು ದುಡಿದು ತಂದ ವಸ್ತುವಿಗೆ ಕಾರಣ ಹೇಳದೆ ಅರ್ಧ ದುಡ್ಡು ಕೊಡುವ ಆಟವನ್ನು ಯಾರು ದುಡ್ಡು ಕೊಟ್ಟು ಆಡುತ್ತಾರೆ?

ಫೋನಿನಲ್ಲಿ ಆಡುವವರಿಗೆ ಒಂದು ಸಂಗತಿ ಹೇಳಬೇಕು. ಇದೇ ಸರಣಿಯ ಅಟೆಲಿಯೆ ರೆಸ್ಲೆರಿಯಾನಾ ಎಂಬ ಫೋನ್ ಆಟ 2023ರಲ್ಲಿ ಜಪಾನಿನಲ್ಲಿ, 2024ರ ಜನವರಿಯಲ್ಲಿ ಹೊರದೇಶಗಳಿಗೆ ಬಂತು. ಆಟ ಪುಕ್ಕಟೆ. ಒಳಗೆ ಹೋದರೆ ಬೇಕಾದ ಪಾತ್ರ ಸಿಗಬೇಕಾದರೆ ಲಾಟರಿಯ ಹಾಗೆ ಚೀಟಿ ಎತ್ತಬೇಕು, ಚೀಟಿ ಮುಗಿದರೆ ದುಡ್ಡು ಕೊಟ್ಟು ಕೊಳ್ಳಬೇಕು. 2025ರ ಮಾರ್ಚ್ ಕೊನೆಗೆ ಹೊರದೇಶದ ಆಟವನ್ನು ಕಂಪನಿ ಮುಚ್ಚಿತು. ಜನ ಒಂದು ವರ್ಷ ಕೂಡಿಸಿ ಮಾಡಿದ ಔಷಧಿ, ಆಯುಧ, ದುಡ್ಡು ಕೊಟ್ಟು ಎತ್ತಿದ ಪಾತ್ರ ಎಲ್ಲ ಆ ಸರ್ವರ್ ಜೊತೆಗೇ ಹೋದವು. 1997ರ ಮೇರಿಯ ಡಿಸ್ಕ್ ಯಾರ ಮನೆಯಲ್ಲಾದರೂ ಉಳಿದಿದ್ದರೆ, ಪ್ಲೇಸ್ಟೇಷನ್ ಇನ್ನೂ ನಡೆಯುತ್ತಿದ್ದರೆ, ಅದು ಇಂದಿಗೂ ತೆರೆಯುತ್ತದೆ. ನಿಮ್ಮ ಮಕ್ಕಳು ಫೋನಿನ ಆಟದಲ್ಲಿ ದುಡ್ಡು ಹಾಕುತ್ತಾರೆ ಎಂದರೆ ಬೈಯುವ ಮೊದಲು ಪಕ್ಕ ಕುಳಿತು ಒಂದೇ ಪ್ರಶ್ನೆ ಕೇಳಿ: ನೀ ಮಾಡಿದ್ದು ನಿನ್ನ ಫೋನಿನಾಗ ಐತೋ, ಅವರ ಕಂಪ್ಯೂಟರಿನಾಗ ಐತೋ?

ನಮ್ಮ ಮೇರಿ ಸದ್ಯ ನಾಲ್ಕನೇ ವರ್ಷದಲ್ಲಿದ್ದಾಳೆ. ಅವಳಿಗೆ ಶಿಯಾ ಎಂಬ ಗೆಳತಿ ಇದ್ದಾಳೆ, ಮೈಯಲ್ಲಿ ಶಕ್ತಿ ಇಲ್ಲದ ಹುಡುಗಿ. ಅವಳ ಕಾಯಿಲೆಗೆ ಎಲಿಕ್ಸಿರ್ ಎಂಬ ಔಷಧಿ ಮಾಡಬೇಕು. ಅದಕ್ಕೆ ಮದ್ಯದಂಗಡಿಯ ಪಟ್ಟಿಯಲ್ಲಿ ಬೆಲೆ ಬರೆದಿಲ್ಲ, ಮಾಡಲೇಬೇಕು ಎಂದು ಆಟ ಒತ್ತಾಯವನ್ನೂ ಮಾಡುವುದಿಲ್ಲ. ಪುಸ್ತಕ ಕೊಂಡಿದ್ದೇವೆ. ಎರಡು ಸಾಮಾನು ಇನ್ನೂ ಸಿಕ್ಕಿಲ್ಲ, ಅವು ಸಿಗುವ ಜಾಗ ದೂರ, ಫೇರಿಗಳಿಗೆ ಈ ತಿಂಗಳ ಕೂಲಿ ಕೊಡುವುದು ಬಾಕಿ ಇದೆ.